ಉಖ್ತೆ ಯಾರ ಪೈಕಿ?

ನಮ್ಮ ಜಮಖಂಡಿ ಕಡೆ ಹೊಸಬರು ಎದುರಾದರೆ ಹೆಸರು ಕೇಳಿ, ಊರು ಕೇಳಿ, ಆಮೇಲೆ ಕೇಳುವ ಪ್ರಶ್ನೆ ಒಂದಿದೆ: ‘ಯಾರ ಪೈಕಿ?’ ಯಾವ ಮನೆತನ, ಯಾರ ಬಳಗ ಎಂದು ಅದರ ಅರ್ಥ. ಅದು ತಿಳಿಯುವವರೆಗೆ ಮಾತು ಮುಂದಕ್ಕೆ ಹೋಗುವುದಿಲ್ಲ. ನಮ್ಮ ಕಾಲೇಜಿನ ಸಂಸ್ಕೃತದ ಸರ್ ಈ ಪ್ರಶ್ನೆಯನ್ನು ಮನುಷ್ಯರಿಗೆ ಕೇಳಿದ್ದನ್ನು ನಾನು ನೋಡಿಲ್ಲ. ಅವರು ಅದನ್ನು ಶಬ್ದಗಳಿಗೆ ಕೇಳುತ್ತಿದ್ದರು.

ನಾನು ಅರ್ಥಶಾಸ್ತ್ರ ಕಲಿಸಲು ಸೇರಿದ ಮೊದಲ ವಾರ. ಸ್ಟಾಫ್ ರೂಮಿನಲ್ಲಿ ಕಪಾಟಿನ ಚಾವಿ ಹುಡುಕುತ್ತಿದ್ದೆ. ಮೂಲೆಯಿಂದ ದನಿ ಬಂತು.

“ಚಾವಿ ಪೋರ್ಚುಗೀಸರ ಪೈಕಿ. ನೀವು ಕುಂಡ್ರೂ ಖುರ್ಚಿ ಅರಬರ ಪೈಕಿ. ನೀವು ಯಾ ಊರವರ್ರೀ?”

“ಮುಧೋಳದವರ್ರೀ ಸರ.”

“ಹಂಗಾರ ಈ ಖೋಲ್ಯಾಗ ನಮ್ಮವರಂದ್ರ ನೀವೊಬ್ಬರು.”

ಆಗ ಅವರಿಗೆ ನಲವತ್ತು ದಾಟಿತ್ತು. ತೆಳ್ಳಗಿನ ಆಳು, ಬಿಳಿ ಅಂಗಿ, ಎಡಗೈಯ ಬೆರಳುಗಳಿಗೆ ಸದಾ ಮೆತ್ತಿಕೊಂಡ ಸೀಮೆಸುಣ್ಣ. ಬೋರ್ಡಿನ ಮೇಲೆ ಒಂದು ಶಬ್ದ ಬರೆದರೆ ಹಿಂದೆ ಸರಿದು ನಿಂತು, ತಲೆ ಓರೆ ಮಾಡಿ, ಹೆಣ್ಣು ನೋಡಲು ಬಂದವರ ಹಾಗೆ ಅದನ್ನು ನೋಡುತ್ತಿದ್ದರು. ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ನಮ್ಮ ಕಡೆ ಇನ್ನೂ ಇದ್ದಾರೆ. ಹುಡುಗರು ಇವರಿಗೆ ‘ಶಬ್ದದ ಹೆಳವ’ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಹೆಳವರಿಗಾದರೂ ಏರಿಕೊಂಡು ಬರಲು ಎತ್ತಿರುತ್ತದೆ, ತನಗೆ ಬಸ್ಸೇ ಗತಿ ಎಂದು ನಕ್ಕಿದ್ದರು.

ತೇರದಾಳ ಕಡೆಯ ಜೈನರು. ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹಾಕುತ್ತಿರಲಿಲ್ಲ. ಪ್ರಾಕೃತದ ಬಗ್ಗೆ, ಜೈನ ಗ್ರಂಥಗಳ ಬಗ್ಗೆ ಜರ್ಮನ್ ಪಂಡಿತರು ಬರೆದದ್ದನ್ನು ಮೂಲದಲ್ಲೇ ಓದಬೇಕೆಂಬ ಹಟಕ್ಕೆ ಬಿದ್ದು, ಪುಣೆಯ ಹಳೆ ಪುಸ್ತಕದಂಗಡಿಯಿಂದ ತಂದ ಒಂದು ವ್ಯಾಕರಣ ಇಟ್ಟುಕೊಂಡು ಜರ್ಮನ್ ಕಲಿತಿದ್ದರು. ಕಲಿಸುವವರು ಯಾರೂ ಇರಲಿಲ್ಲ. ಬದುಕಿನಲ್ಲಿ ಒಬ್ಬ ಜರ್ಮನ್ ಮನುಷ್ಯನೊಡನೆಯೂ ಅವರು ಮಾತಾಡಿದ್ದಿಲ್ಲ. ಹಾಗಾಗಿ ಅವರ ಜರ್ಮನ್ ಓದುವ ಜರ್ಮನ್. ಬಾಯಲ್ಲಿ ಬಂದರೆ ಅದು ತೇರದಾಳದ ಕನ್ನಡದಂತೆಯೇ ಕೇಳುತ್ತಿತ್ತು.

ಅವರಿಗೆ ಹೆಸರು ತಂದದ್ದೂ, ಆಮೇಲೆ ನಿದ್ದೆ ಕೆಡಿಸಿದ್ದೂ ಒಂದೇ ಶಬ್ದ. ಉಖ್ತೆ. ಜರ್ಮನ್ ಭಾಷೆಯಲ್ಲಿ ನಸುಕಿಗೆ ಇರುವ ಹಳೆಯ ಹೆಸರು. ಈಗಿನ ಜರ್ಮನರಲ್ಲಿ ಬಹುಪಾಲು ಜನ ಅದನ್ನು ಮರೆತಿದ್ದಾರಂತೆ, ಎಲ್ಲೋ ಕೆಲವು ಹಳ್ಳಿಗಳ ಮಾತಿನಲ್ಲಿ ಉಳಿದಿದೆಯಂತೆ. ನಡುವಿನ ಅಕ್ಷರವನ್ನು ಗಂಟಲು ಕೆರೆದು ಹೇಳಬೇಕು. ಸರ್ ಅದನ್ನು ಹೇಳುವಾಗ ಪಕ್ಕದವರು ನೀರು ತಂದು ಕೊಟ್ಟದ್ದುಂಟು.

ಸುಮಾರು ಇಪ್ಪತ್ತು ವರ್ಷದ ಹಿಂದೆ ಊರಿನ ಒಂದು ಸಂಘದವರು ಅವರಿಂದ ಉಪನ್ಯಾಸ ಮಾಡಿಸಿದರು. ವೇದದ ಉಷೆ ನಮ್ಮ ನಾಡಿನಿಂದ ಹೊರಟು, ಬೆಟ್ಟ ಹೊಳೆ ದಾಟಿ, ಜರ್ಮನ್ ದೇಶ ಸೇರಿ, ಚಳಿಗೆ ಗಂಟಲು ಕಟ್ಟಿ ಉಖ್ತೆ ಆದಳು ಎಂದು ಸರ್ ಹೇಳಿದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಸಂಘದ ಹಿರಿಯರು ಬಟ್ಟೆ ವ್ಯಾಪಾರಿಗಳು, ಉದಾರಿಗಳು. ಆ ಉಪನ್ಯಾಸವನ್ನು ಸಣ್ಣ ಪುಸ್ತಕ ಮಾಡಿ ಸುತ್ತಮುತ್ತ ಹಂಚಿದರು. ಅಲ್ಲಿಂದ ಮುಂದೆ ಯಾವ ಊರಿಗೆ ಕರೆದರೂ ಒಂದೇ ಬೇಡಿಕೆ: “ಸರ, ಆ ಉಷಾದ್ದು ಹೇಳ್ರಿ.” ಅವರೂ ಸಂತೋಷದಿಂದ ಹೇಳುತ್ತಿದ್ದರು.

ಮೊದಲ ದಿನದ ಆ ಸಭೆಯಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಕುಳಿತಿದ್ದಳು. ಬನಹಟ್ಟಿಯ ಸೊಸೆ, ಚಿಮ್ಮಡದಲ್ಲಿ ಶಾಲೆಯ ಶಿಕ್ಷಕಿ, ಆಗ ತುಂಬಿದ ಬಸುರಿ. ಹೆಣ್ಣು ಹುಟ್ಟಿತು. ಆಕೆ ಮಗುವಿಗೆ ಉಖ್ತಾ ಎಂದು ಹೆಸರಿಟ್ಟಳು. ಮನೆಯಲ್ಲಿ ಯಾರಿಗೂ ಅದು ಬೇಡವಾಗಿತ್ತು. ಅತ್ತೆಯಂತೂ, “ಉಕ್ಕತಾ? ಒಲಿ ಮ್ಯಾಲ ಇಟ್ಟ ಹಾಲೇನ ಇದು, ಉಕ್ಕಾಕ?” ಎಂದು ಕೇಳಿ ಕೂಸನ್ನು ಉಕ್ಕವ್ವ ಎಂದೇ ಕರೆಯತೊಡಗಿದಳು. ಸೊಸೆ ಜಗ್ಗಲಿಲ್ಲ. ಬೆಳಕಿನ ಹೆಸರು, ನಮ್ಮ ಸರ್ ಹೇಳಿದ ಹೆಸರು ಎಂದು ಎಲ್ಲರೊಡನೆ ವಾದ ಮಾಡಿ ಶಾಲೆಯ ದಾಖಲೆಯಲ್ಲೂ ಅದನ್ನೇ ಬರೆಸಿದಳು.

ಸರ್‌ಗೆ ಮಕ್ಕಳಿರಲಿಲ್ಲ. ನಾಮಕರಣಕ್ಕೆ ಹೋಗಿ ಬಂದ ಮರುದಿನ ನನಗೆ ಹೇಳಿದ್ದರು: “ಶಬ್ದಕ್ಕ ಜೀವ ಇರತೈತಿ ಅಂತ ಪಾಠದಾಗ ಹೇಳತಿದ್ದೆ. ನಿನ್ನೆ ಅದು ತೊಟ್ಟಲದಾಗ ಕಾಲು ಆಡಸಾಕತ್ತಿತ್ರೀ.”

ಮುಂದೆ ಬಹಳ ವರ್ಷ ಎಲ್ಲವೂ ಹಾಗೆಯೇ ಇತ್ತು. ನಂತರ ಒಂದು ಬೇಸಿಗೆಯಲ್ಲಿ ಉತ್ತರಪತ್ರಿಕೆ ನೋಡಲು ನಾವಿಬ್ಬರೂ ಧಾರವಾಡಕ್ಕೆ ಹೋದೆವು. ಮಧ್ಯಾಹ್ನ ಬಿಡುವಾದಾಗ ಸರ್ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಅಲ್ಲಿ ಜರ್ಮನ್ ಶಬ್ದಗಳ ಮೂಲ ಹೇಳುವ ದೊಡ್ಡ ಕೋಶವೊಂದಿದೆ ಎಂದು ಅವರಿಗೆ ಆಗ ಗೊತ್ತಾಯಿತು. ಅದರಲ್ಲಿ ಏನನ್ನೋ ಹುಡುಕಬೇಕೆಂದು ಅವರು ಹೋದದ್ದಲ್ಲ. ಪೇಟೆಗೆ ಬಂದವರು ತಮ್ಮ ಹಳೆಯ ಓಣಿಯನ್ನು ಒಮ್ಮೆ ನೋಡಿಕೊಂಡು ಹೋಗುವಂತೆ ತಮ್ಮ ಶಬ್ದವನ್ನು ನೋಡಲು ಹೋದರು.

ಸಂಜೆ ನಾವು ಇಳಿದುಕೊಂಡಿದ್ದ ಕೋಣೆಗೆ ನಾನು ಬಂದಾಗ ಅವರು ಮಂಚದ ಮೇಲೆ ಕುಳಿತಿದ್ದರು. ಮುಂದೆ ರೊಟ್ಟಿಯ ಡಬ್ಬಿ ತೆರೆದೇ ಇತ್ತು, ಒಂದು ತುಣುಕೂ ಮುರಿದಿರಲಿಲ್ಲ.

“ಸರ, ಹೊತ್ತು ಮುಣಗಾಕ ಬಂದೈತಿ. ಊಟ ಮಾಡ್ರಿ.”

“ಅದು ಉಷಾನ ಪೈಕಿ ಅಲ್ರೀ.”

ಯಾವುದು ಎಂದು ನಾನು ಕೇಳುವ ಅಗತ್ಯ ಇರಲಿಲ್ಲ.

“ಮತ್ತ?”

“ನಕ್ತ. ರಾತ್ರಿ. ರಾತ್ರಿ ಪೈಕಿ ಐತಿ ಅದು. ನಾ ಬರೇ ಉ ಅಕ್ಷರ ಕೇಳಿ ಬೀಗರು ಅಂದ್ಕೊಂಡ್ನಿ. ಕಿವಿ ಮೋಸ ಮಾಡ್ತು.”

ಬಳಿಕ ನಿಧಾನವಾಗಿ ವಿವರಿಸಿದರು. ಬಹಳ ಹಿಂದೆ ಆ ಕಡೆಯ ಜನ ರಾತ್ರಿಯ ಕೊನೆಯ ಪಾಲಿಗೆ, ಬೆಳಕು ಹರಿಯುವ ಮುಂಚಿನ ಹೊತ್ತಿಗೆ ಒಂದು ಹೆಸರಿಟ್ಟಿದ್ದರು. ಅದು ಹುಟ್ಟಿದ್ದು ರಾತ್ರಿ ಎಂಬ ಶಬ್ದದಿಂದ. ಅದೇ ಜರ್ಮನರಲ್ಲಿ ಉಖ್ತೆ. ಪಕ್ಕದ ಡಚ್ಚರಲ್ಲಿ ಅದೇ ಬಳಗದ ಶಬ್ದ ಇವತ್ತಿಗೂ ಮುಂಜಾನೆಗೆ ನಿತ್ಯದ ಮಾತು. ನಮ್ಮ ವೇದದಲ್ಲಿ ಅಕ್ತು ಎಂಬುದೊಂದಿದೆ. ರಾತ್ರಿ ಎಂದೂ ಅರ್ಥ, ಕಿರಣ ಎಂದೂ ಅರ್ಥ. ಅದೂ ಈ ಮನೆತನದ್ದೇ ಇರಬೇಕೆಂದು ಪಂಡಿತರ ಊಹೆ.

“ಉಷಾನೂ ಅವರ ಊರಾಗ ಅದಾಳ್ರೀ, ಇಲ್ಲಂತಲ್ಲ. ಪೂರ್ವ ದಿಕ್ಕಿಗೆ ಅವರು ಓಸ್ಟನ್ ಅಂತಾರ, ಅದು ಅಕೀ ಬಳಗ. ಆದ್ರ ಇಲ್ಲಿಂದ ಎದ್ದು ಹೋದಾಕಿ ಅಲ್ಲ. ಅವರೂ ನಾವೂ ಒಬ್ಬ ಅಜ್ಜೀ ಮೊಮ್ಮಕ್ಕಳು. ಆ ಅಜ್ಜೀ ಹೆಸರು ಯಾರಿಗೂ ಗೊತ್ತಿಲ್ಲ. ನಾ ಮೊಮ್ಮಗಳನ್ನ ತಂದು ತಾಯಿ ಮಾಡಿ ಕುಂಡ್ರಿಸೇನಿ.”

“ಹೋಗ್ಲಿ ಬಿಡ್ರಿ ಸರ. ಜಮಖಂಡ್ಯಾಗ ಇದು ಯಾರಿಗೆ ಗೊತ್ತಾಗಬೇಕು?”

“ನನಗ ಗೊತ್ತಾತಲ್ರೀ” ಎಂದರು.

ಕಿಟಕಿಯ ಹೊರಗೆ ಬಿಸಿಲು ಹೋಗಿತ್ತು. ಅವರು ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದು ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಊರಿಗೆ ಬಂದ ಮೇಲೆ ಸರ್ ಮೊದಲು ಹೋದದ್ದು ಸಂಘದ ಹಿರಿಯರ ಅಂಗಡಿಗೆ. ಆಗ ಹಿರಿಯರು ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುವ ತಯಾರಿಯಲ್ಲಿದ್ದರು. ಸರ್ ನಿವೃತ್ತಿಯಾಗುವ ದಿನ ದೊಡ್ಡ ಸಮಾರಂಭ ಮಾಡಿ ಅದನ್ನು ಬಿಡುಗಡೆ ಮಾಡುವುದೆಂದು ಮಾತಾಗಿತ್ತು. ಆ ದಿನ ನಾನೂ ಜೊತೆಗಿದ್ದೆ. ಸರ್ ಹೇಳಿದ್ದನ್ನೆಲ್ಲ ಕೇಳಿ ಹಿರಿಯರು ಚಹಾ ತರಿಸಿದರು.

“ಸರ, ಮಂದಿ ಕೇಳಿ ಖುಷಿ ಪಟ್ಟಾರ. ಇದರಾಗ ಯಾರಿಗರ ನುಕ್ಸಾನ ಆಗೇತೇನ?”

“ಶಬ್ದಕ್ಕ ಆಗೇತ್ರಿ.”

“ಶಬ್ದೇನ ಕೋರ್ಟಿಗೆ ಹೊಕ್ಕೈತೇನ್ರೀ?” ಎಂದು ಹಿರಿಯರು ನಕ್ಕರು. ಸರ್ ನಗಲಿಲ್ಲ. ಪುಸ್ತಕ ಮತ್ತೆ ಬರಬಾರದು, ಬಂದರೆ ತಪ್ಪೊಪ್ಪಿಗೆ ಮೊದಲ ಪುಟದಲ್ಲಿರಬೇಕು ಎಂದರು. ಹಿರಿಯರ ನಗು ನಿಂತಿತು. ಪುಸ್ತಕ ಬರಲಿಲ್ಲ. ಸಮಾರಂಭದ ಮಾತೂ ಮತ್ತೆ ಬರಲಿಲ್ಲ. ಸರ್ ಒಂದು ಸಾದಾ ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ನಾವು ಹಾಕಿದ ಹಾರವನ್ನು ಚೀಲದಲ್ಲಿಟ್ಟುಕೊಂಡು ನಿವೃತ್ತರಾದರು. ಉಪನ್ಯಾಸಕ್ಕೆ ಕರೆಯುವವರೂ ಕಡಿಮೆಯಾದರು. ಉಷಾದ್ದು ಹೇಳದಿದ್ದರೆ ಅವರನ್ನು ಕರೆದು ಏನು ಮಾಡುವುದು?

ಕರೆಯದಿದ್ದರೂ ಅವರು ಹೋದರು. ಎಲ್ಲೆಲ್ಲಿ ಆ ಮಾತು ಹೇಳಿದ್ದರೋ ಅಲ್ಲಲ್ಲಿಗೆ ಬಸ್ಸಿನಲ್ಲಿ ಹೋಗಿ, ಪರಿಚಯದವರನ್ನು ಕಂಡು, ತಪ್ಪಾಗಿದೆ ಎಂದು ಹೇಳಿ ಬರತೊಡಗಿದರು. ಬಹುತೇಕ ಮಂದಿಗೆ ಉಪನ್ಯಾಸವೇ ನೆನಪಿರಲಿಲ್ಲ. ಮೊದಲು ಅದನ್ನು ನೆನಪಿಸಿ, ಬಳಿಕ ಅದು ಸುಳ್ಳೆಂದು ಹೇಳಬೇಕಾಗುತ್ತಿತ್ತು. ಮುಧೋಳದಲ್ಲಿ ಒಬ್ಬರು ಪಾಪ ಎಂದು ಊಟ ಹಾಕಿ ಕಳಿಸಿದರು. ಬೀಳಗಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಮಾತ್ರ ಸಿಟ್ಟಾದರು.

“ಸಂಸ್ಕೃತ ತಾಯಿ ಅಲ್ಲಂದ್ರ ಮತ್ತೇನ್ರಿ? ಚಿಕ್ಕವ್ವನ?”

“ಚಿಕ್ಕವ್ವ ಅಂದ್ರ ನಡೀತೈತ್ರಿ” ಎಂದು ಸರ್ ಗಂಭೀರವಾಗಿಯೇ ಹೇಳಿದರಂತೆ. ಆ ಮನೆಯಲ್ಲಿ ನೀರೂ ಸಿಗಲಿಲ್ಲವಂತೆ.

ಬನಹಟ್ಟಿಗೆ ಮಾತ್ರ ಅವರು ಹೋಗಿರಲಿಲ್ಲ. ಜಮಖಂಡಿಯಿಂದ ಅದೇ ಹತ್ತಿರ. ಪ್ರತಿ ಸಲ ಏನಾದರೊಂದು ನೆಪ ಬರುತ್ತಿತ್ತು. ಕೊನೆಗೆ ಒಂದು ಭಾನುವಾರ ನನ್ನ ಮನೆಗೆ ಬಂದು, “ನೀವೂ ಬರ್ರಿ. ಒಬ್ಬನ ಹೋಗಾಕ ಕಾಲು ಏಳವಲ್ವು” ಎಂದರು.

ಆ ಮನೆಯ ಹಿಂಬದಿಯಲ್ಲಿ ಮಗ್ಗ ನಡೆಯುತ್ತಿತ್ತು. ಸೀರೆ ನೇಯುವ ಪವರ್‌ಲೂಮಿನ ಸದ್ದಿಗೆ ಮಾತು ಕೇಳದೆ, ಮನೆಯವರು ಅದನ್ನು ನಿಲ್ಲಿಸಿ ಬಂದರು. ಹುಡುಗಿ ಆಗ ಒಂಬತ್ತನೆಯ ತರಗತಿ, ಬಾಗಿಲಿಗೆ ಒರಗಿ ನಿಂತಿದ್ದಳು. ಸರ್ ಪೀಠಿಕೆ ಹಾಕಲಿಲ್ಲ. ಹಳೆಯ ವಿದ್ಯಾರ್ಥಿನಿಗೆ ನೇರವಾಗಿ ಹೇಳಿದರು: “ತಂಗಿ, ನಾ ಹೇಳಿದ್ದು ತಪ್ಪಿತ್ತು. ಮಗಳ ಹೆಸರು ಉಷಾನ ಪೈಕಿ ಅಲ್ಲ. ರಾತ್ರಿ ಪೈಕಿ.”

 ಆಕೆ ಅಳತೊಡಗಿದಳು.

“ಈ ಹೆಸರಿನ ಸಲುವಾಗಿ ಮನಿಯವರ ಕೂಡ, ಮಂದಿ ಕೂಡ ಎಷ್ಟು ಜಗಳಾಡೇನಿ ಗೊತ್ತೈತೇನ್ರೀ ಸರ? ಬೆಳಕು ಬೆಳಕು ಅಂತ ಎಲ್ಲಾರಿಗೂ ಹೇಳಕೋತ ಬಂದ್ನಿ. ಕತ್ತಲಿ ಅಂತ ಹೆಸರಿಟ್ಟಂಗಾತಲ್ರೀ ನನ್ನ ಮಗಳಿಗೆ!”

ಸರ್ ಅಕ್ತು ಎಂದರು, ಕಿರಣ ಎಂದರು, ರಾತ್ರಿಯ ಕೊನೆಯ ಪಾಲು ಎಂದರು. ಅಳುವವರ ಎದುರು ವ್ಯಾಕರಣ ನಿಲ್ಲುವುದಿಲ್ಲ. ಅತ್ತೆ ಒಳಗಿನಿಂದ ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟು, “ಇರ್ಲಿ ಬಿಡವಾ, ನನಗ ಅಕಿ ಉಕ್ಕವ್ವನ” ಎಂದಳು. ಅದರಿಂದ ಅಳು ಹೆಚ್ಚಾಯಿತು. ಕೊನೆಗೆ ಆಕೆ ಕಣ್ಣೊರೆಸಿಕೊಂಡು, ಹತ್ತನೆಯ ಪರೀಕ್ಷೆಗೆ ಹೆಸರು ಕಳಿಸುವ ಮೊದಲೇ ಉಷಾ ಎಂದು ಬದಲಾಯಿಸುತ್ತೇನೆ ಎಂದಳು. ಸರ್ ತಲೆಯಾಡಿಸಿದರು. ಜಮಖಂಡಿ ಕೋರ್ಟಿನಲ್ಲಿ ಪ್ರಮಾಣಪತ್ರ ಮಾಡಿಸುವ ಓಡಾಟ ತಮ್ಮದೇ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಯಾವ ಶಬ್ದಕ್ಕೂ ಯಾರ ಪೈಕಿ ಎಂದು ಕೇಳಲಿಲ್ಲ.

ಗೊತ್ತು ಮಾಡಿದ ದಿನ ತಾಯಿ ಮಗಳು ಬಂದರು. ಸರ್ ಜೊತೆ ನಾನೂ ಹೋದೆ. ಕೋರ್ಟಿನ ಆವರಣದಲ್ಲಿ ಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂರುವ ಟೈಪಿಸ್ಟ್ ಛಾಪಾ ಕಾಗದ ಏರಿಸಿ, ಹಳೆಯ ಹೆಸರು ಹೊಡೆಯಲು ಒದ್ದಾಡಿದ. ಖ ಕೆಳಗೆ ತ ಬರೆಯಬೇಕೋ ಕ ಕೆಳಗೋ ಎಂದು ಕೇಳಿದ. ಸರ್ ಹೇಳಿದರು. “ಹೊಸಾ ಹೆಸರು ಹೇಳ್ರಿ” ಎಂದ. ತಾಯಿ ಬಾಯಿ ತೆರೆಯುವ ಮೊದಲೇ ಹುಡುಗಿ ಅಂದಳು:

“ನನಗ ಉಷಾ ಬ್ಯಾಡವ್ವಾ.”

“ಯಾಕಬೇ?”

“ನಮ್ಮ ಸಾಲ್ಯಾಗ ಉಷಾ ಭಾಳ ಮಂದಿ ಅದಾರ. ಉಖ್ತಾ ನಾ ಒಬ್ಬಾಕಿನ.” ಬಳಿಕ ಸರ್ ಕಡೆ ತಿರುಗಿದಳು. “ಸರ, ಖರೆ ಅರ್ಥ ಏನು? ಅವತ್ತ ಅವ್ವ ಅಳಾಕತ್ತಿದ್ಲು, ನನಗ ನೆಟ್ಟಗ ಕೇಳಸಲಿಲ್ಲ.”

ಸರ್ ಆ ಟೇಬಲ್ಲಿನ ಪಕ್ಕದಲ್ಲೇ ನಿಂತು ಹೇಳಿದರು. ನನಗೆ ನೆನಪಿರುವುದು ಇಷ್ಟು: “ರಾತ್ರಿ ಇನ್ನಾ ಹೋಗಿಲ್ಲ, ಬೆಳಕು ಇನ್ನಾ ಬಂದಿಲ್ಲ. ಆದ್ರ ಬರತೈತಿ ಅಂತ ಎಲ್ಲಾರಿಗೂ ಗೊತ್ತಾಗೇತಿ. ನಾವು ಮಬ್ಬಿನ್ಯಾಗ ಎದ್ನಿ ಅಂತೀವಲ್ಲ, ಆ ಹೊತ್ತು ಇದು. ಮಬ್ಬಂದ್ರ ಕತ್ತಲೀನ ಅಲ್ಲೇನವಾ? ನಾವೂ ಕತ್ತಲೀ ಹೆಸರಲೇನ ಮುಂಜಾನಿ ಕರೀತೀವಿ.”

“ಅಂದ್ರ ಅಜ್ಜಿ ಏಳೂ ಹೊತ್ತು” ಎಂದಳು ಹುಡುಗಿ.

“ಹೌದು. ಅದ ಹೊತ್ತು.”

“ಹಂಗಾರ ಇರ್ಲಿ ಬಿಡ್ರಿ.”

ತಾಯಿ ಮಗಳನ್ನೂ ಸರ್ ಅವರನ್ನೂ ನೋಡಿದಳು.  ಕೊನೆಗೆ ಟೈಪಿಸ್ಟನಿಗೆ, “ಕಾಗದ ತಗೀರಿ ಅಣ್ಣಾರ” ಎಂದಳು. ಒಳ್ಳೆಯ ಛಾಪಾ ಕಾಗದ ಹಾಳಾಯಿತೆಂದು ಅವನು ಗೊಣಗಿದ. ಹೊರಗೆ ಬಂದ ಮೇಲೆ ಸರ್ ನಾಲ್ವರಿಗೂ ಕಬ್ಬಿನಹಾಲು ಹೇಳಿದರು. 

ಆನಂತರದ ವರ್ಷಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅವರು ಓದುತ್ತಿದ್ದರು, ಸಂಜೆ ಬೇಗ ಉಣ್ಣುತ್ತಿದ್ದರು, ಆಗಾಗ ಫೋನು ಮಾಡಿ ಯಾವುದೋ ಶಬ್ದದ ಬೀಗರು ಸಿಕ್ಕ ಸುದ್ದಿ ಹೇಳುತ್ತಿದ್ದರು. ಹೇಳಿದ ಮೇಲೆ ಕೊನೆಗೊಂದು ಮಾತು ಸೇರಿಸುತ್ತಿದ್ದರು: “ಇನ್ನಾ ನೋಡಬೇಕ್ರೀ, ಪಕ್ಕಾ ಅಲ್ಲ.” ಮೊದಲು ಈ ಮಾತು ಅವರ ಬಾಯಲ್ಲಿ ಇರಲಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಸಂಘದವರು ಶ್ರದ್ಧಾಂಜಲಿ ಸಭೆ ಇಟ್ಟರು. ಹಿರಿಯರಿಗೆ ಹಳೆಯ ಮುನಿಸು ಉಳಿದಿರಲಿಲ್ಲ, ಅವರು ನಿಜವಾಗಿಯೂ ನೊಂದಿದ್ದರು. ಎದ್ದು ನಿಂತು, ಜರ್ಮನರ ಬೆಳಗು ನಮ್ಮ ಉಷೆಯ ಮಗಳು ಎಂದು ಜಗತ್ತಿಗೆ ತೋರಿಸಿಕೊಟ್ಟ ಪಂಡಿತರು ಎಂದು ಸರ್ ಅವರನ್ನು ಹೊಗಳಿದರು. ಸಭೆಯಲ್ಲಿ ಹಲವರು ತಲೆಯಾಡಿಸಿದರು. ಸತ್ತವರಿಗಾಗಿ ಕೂಡಿದ ಸಭೆಯಲ್ಲಿ ಎದ್ದು ಮಾತು ತಿದ್ದಬೇಕೇ ಎಂದು ನಾನು ಯೋಚಿಸುತ್ತಿರುವಾಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಆ ಹುಡುಗಿ. ಈಗ ಜಮಖಂಡಿಯಲ್ಲೇ ಡಿಗ್ರಿ ಓದುತ್ತಿದ್ದಾಳೆ.

“ತಪ್ಪು ತಿಳಕೋಬ್ಯಾಡ್ರಿ. ಆ ಮಾತು ಸರ್ ವಾಪಸ್ ತಗೊಂಡಿದ್ರು. ಅದು ಉಷಾನ ಪೈಕಿ ಅಲ್ರಿ, ರಾತ್ರಿ ಪೈಕಿ. ಅದನ್ನ ಹೇಳಾಕಂತ ನಮ್ಮ ಮನೀ ತನಕ ಬಂದಿದ್ರು.”

 ಹಿರಿಯರು ಬೇಸರಪಡದೆ, ಮೃದುವಾಗಿಯೇ ಅಂದರು: “ಇರ್ಲಿ ಬಿಡವಾ ತಂಗಿ. ಇವತ್ತ ಯಾಕ ಅದೆಲ್ಲಾ?”

“ಇವತ್ತ ಬಿಟ್ರ ಆ ತಪ್ಪ ಅವರ ಹೆಸರಲೆ ಉಳೀತೈತ್ರಿ” ಎಂದು ಹೇಳಿ ಅವಳು ಕುಳಿತಳು.

ಎರಡು ನಿಮಿಷ ಮೌನ ಆಚರಿಸಿ ಸಭೆ ಮುಗಿಸಿದರು.

ಮರುದಿನ ನಾನು ಸರ್ ಮನೆಗೆ ಹೋದೆ. ಅವರ ಪತ್ನಿಯನ್ನು ನಾನು ಮೊದಲಿನಿಂದ ವೈನಿ ಎಂದು ಕರೆಯುವುದು ರೂಢಿ. ವೈನಿ ಸಭೆಗೆ ಬಂದಿರಲಿಲ್ಲ. ಬೇಳೆ ಆರಿಸುತ್ತಾ ಕುಳಿತಿದ್ದರು. ನನ್ನನ್ನು ಕಂಡು, “ನಿನ್ನೆ ಅವರ ಬಗ್ಗೆ ಏನೇನ ಮಾತಾಡಿದ್ರು?” ಎಂದು ಕೇಳಿದರು.

ಒಳ್ಳೆಯ ಮಾತುಗಳನ್ನೆಲ್ಲ ಹೇಳಿದೆ. ಆಮೇಲೆ ಸ್ವಲ್ಪ ಅಳುಕುತ್ತಲೇ, “ಬನಹಟ್ಟಿ ಹುಡುಗಿ ಎದ್ದು ನಿಂತು, ಸರ್ ಮೊದಲ ಹೇಳಿದ್ದು ತಪ್ಪಿತ್ತು ಅಂತ ಹೇಳಿದ್ಲ್ರೀ ವೈನಿ” ಎಂದೆ.

ವೈನಿ ಮೊರದಲ್ಲಿದ್ದ ಒಂದು ಹರಳನ್ನು ತೆಗೆದು ಪಕ್ಕಕ್ಕೆ ಹಾಕಿದರು.

“ಛಲೋ ಆತು ಬಿಡ್ರಿ. ಅವರು ಹೇಳಿದ್ದನ್ನ ಒಬ್ಬಾಕಿಯಾದ್ರೂ ಪೂರಾ ಕೇಳಸ್ಕೊಂಡಾಳಲ್ಲ.”